ಥಾರ್ನ್‌ಬರಿ ಕ್ಯಾಸಲ್‌ನಲ್ಲಿ ಒಂದು ರಾತ್ರಿ

ಹಳೆಯ ಕೋಟೆ, ಅರಮನೆಗಳನ್ನು ಐಷಾರಾಮಿ ಹೋಟೆಲುಗಳನ್ನಾಗಿ ಮಾಡುವುದು ಚರಿತ್ರೆಗೆ ಬಗೆಯುವ ಅಪಚಾರವೆಂದು ನಾನು ಬಹಳ ಕಾಲ ನಂಬಿದ್ದೆ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಉತ್ತರಕ್ಕಿರುವ ಥಾರ್ನ್‌ಬರಿ ಕ್ಯಾಸಲ್‌ನಲ್ಲಿ, ಮದುವೆಯ ಇಪ್ಪತ್ತನೆಯ ವರ್ಷದ ನೆಪದಿಂದ, ಪತ್ನಿಯೊಡನೆ ಒಂದು ರಾತ್ರಿ ತಂಗಿ ಬಂದ ಮೇಲೆ ಆ ನಂಬಿಕೆಯನ್ನು ಕೈಬಿಟ್ಟಿದ್ದೇನೆ.

ಒಳಗೆ ಕಾಲಿಡುವ ಮೊದಲೇ ನಮ್ಮನ್ನು ತಡೆದು ನಿಲ್ಲಿಸಿದ್ದು ಹೆಬ್ಬಾಗಿಲ ಮೇಲಿನ ಬರಹ. ಎಂಟನೇ ಹೆನ್ರಿಯ ಆಳ್ವಿಕೆಯ ಎರಡನೇ ವರ್ಷವಾದ 1511ರಲ್ಲಿ, ಬಕಿಂಗ್‌ಹ್ಯಾಮ್‌ನ ಡ್ಯೂಕ್ ಎಡ್ವರ್ಡನಾದ ನನ್ನಿಂದ ಈ ಬಾಗಿಲ ಕೆಲಸ ಆರಂಭವಾಯಿತು ಎಂದು ಆ ಕಲ್ಲು ಹೇಳುತ್ತದೆ. ಮುಗಿಯಿತು ಎಂದು ಹೇಳುವ ಕಲ್ಲು ಎಲ್ಲಿಯೂ ಇಲ್ಲ. ಅದರ ಜೊತೆಗೇ ಅವನು ಕೆತ್ತಿಸಿದ ಧ್ಯೇಯವಾಕ್ಯ ಹಳೆಯ ಫ್ರೆಂಚಿನ ಒಂದೇ ಪದ. ಅದರ ಅರ್ಥ ‘ಇನ್ನು ಮುಂದೆ’. ಮೂರನೇ ಎಡ್ವರ್ಡ್ ದೊರೆಯ ವಂಶದವನಾಗಿ, ಸಿಂಹಾಸನಕ್ಕೆ ತೀರ ಹತ್ತಿರದ ರಕ್ತಸಂಬಂಧವಿದ್ದ ಈ ಎಡ್ವರ್ಡ್ ಸ್ಟ್ಯಾಫರ್ಡನ ಮೇಲೆ, ಸಿಂಹಾಸನಕ್ಕೆ ವಾರಸುದಾರನಾದ ಗಂಡು ಮಗನಿಲ್ಲದ ಹೆನ್ರಿಗೆ ಸಂಶಯ ಬೆಳೆಯಿತು. ರಾಜದ್ರೋಹದ ವಿಚಾರಣೆ ನಡೆದು, 1521ರ ಮೇ 17ರಂದು ಲಂಡನ್ನಿನ ಟವರ್ ಹಿಲ್‌ನಲ್ಲಿ ಅವನ ತಲೆದಂಡವಾಯಿತು. ಅವನ ತಂದೆಗೂ 1483ರಲ್ಲಿ, ಮೂರನೇ ರಿಚರ್ಡನ ಕಾಲದಲ್ಲಿ, ಅದೇ ಗತಿಯಾಗಿತ್ತು. ಕಟ್ಟಡದ ಕೆಲಸ ಅಲ್ಲಿಗೇ ನಿಂತು, ಕ್ಯಾಸಲ್ ಅರಸನ ವಶವಾಯಿತು.

1535ರ ಆಗಸ್ಟಿನಲ್ಲಿ, ಬ್ರಿಸ್ಟಲ್‌ನಲ್ಲಿ ಪ್ಲೇಗ್ ಇದ್ದುದರಿಂದ ಊರೊಳಗೆ ಹೋಗದೆ, ಹೆನ್ರಿ ಮತ್ತು ರಾಣಿ ಆ್ಯನ್ ಬೊಲಿನ್ ಇಲ್ಲಿ ಸುಮಾರು ಹತ್ತು ದಿನ ತಂಗಿದ್ದರು. ಮರುವರ್ಷದ ಮೇ 19ಕ್ಕೆ ಆ್ಯನ್‌ಳ ಶಿರಚ್ಛೇದವೂ ಆಯಿತು. ಇಂಥ ಹೋಟೆಲುಗಳ ಬಗ್ಗೆ ಮಾತು ಬಂದಾಗಲೆಲ್ಲ ‘ಅರಸ ಮಲಗಿದ್ದ ಕೋಣೆ’ ಎಂಬುದನ್ನೇ ದೊಡ್ಡದಾಗಿ ಹೇಳುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಆ ಹತ್ತು ದಿನಗಳಿಗಿಂತ, ಹತ್ತು ವರ್ಷ ಕಟ್ಟಿಸಿಯೂ ಮುಗಿಸಲಾಗದೆ ಹೋದವನ ಕಥೆಯೇ ಈ ಗೋಡೆಗಳಿಗೆ ಸಲ್ಲಬೇಕಾದುದು.

ಆ ಕಥೆ ಕಟ್ಟಡದಲ್ಲಿಯೇ ಇದೆ. ದಕ್ಷಿಣದ ಬದಿಯಲ್ಲಿ ಕೆಳಗಿನ ಕಿಟಕಿಗಳು ಕಿರಿದಾಗಿ, ಕಾವಲಿಗೆ ತಕ್ಕಂತಿವೆ. ಮೇಲೇರಿದಂತೆ ಅವು ಅಗಲವಾಗಿ, ಕೊನೆಯ ಅಂತಸ್ತಿನಲ್ಲಿ ಬಾಗಿ ಬಳುಕಿ ಹೊರಚಾಚಿ ಗಾಜಿನ ಗೂಡುಗಳಂತೆ ಬೆಳಕಿಗೆ ತೆರೆದುಕೊಳ್ಳುತ್ತವೆ. ಶತ್ರುವಿಗೆ ಹೆದರಿ ಕಟ್ಟುವ ಕೋಟೆ ಸುಖವಾಗಿ ಬಾಳಲು ಕಟ್ಟುವ ಮನೆಯಾಗುತ್ತಿದ್ದ ಕಾಲ ಒಂದೇ ಗೋಡೆಯಲ್ಲಿ ಕಾಣುತ್ತದೆ. ಸಂಜೆಯ ಬಿಸಿಲಿನಲ್ಲಿ 1514ರ ಕೆಂಪು ಇಟ್ಟಿಗೆಯ ಚಿಮಣಿಯನ್ನು ನಾವು ಬಹಳ ಹೊತ್ತು ನೋಡಿದೆವು. ಹಗ್ಗ ಹೊಸೆದಂತೆ ತಿರುಚಿಕೊಂಡು ಮೇಲೇರುವ ಅದರ ಮೈಮೇಲೆ ಸ್ಟ್ಯಾಫರ್ಡ್ ಮನೆತನದ ಲಾಂಛನವಾದ ಗಂಟು ಕೂಡ ಇದೆ. ಹೊಗೆ ಹೋಗುವ ದಾರಿಗೆ ಇಷ್ಟು ಶ್ರದ್ಧೆ ವಹಿಸಿದ ಆ ಕೆಲಸಗಾರರ ಹೆಸರು ಯಾವ ಬಾಗಿಲ ಮೇಲೂ ಇಲ್ಲವಲ್ಲ ಎಂದು ಪತ್ನಿ ಮೆಲ್ಲಗೆ ಹೇಳಿದಳು.

ಹೆನ್ರಿಯ ಮಗಳು ರಾಣಿ ಮೇರಿ ಈ ಆಸ್ತಿಯನ್ನು ಸ್ಟ್ಯಾಫರ್ಡರಿಗೆ ಮರಳಿಸಿದಳಾದರೂ, ಮುಂದೆ ವಾಸಿಸುವವರಿಲ್ಲದೆ ಕ್ಯಾಸಲ್ ಬಹುಕಾಲ ಪಾಳು ಬಿದ್ದಿತ್ತು. ಹವರ್ಡ್ ಮನೆತನದವರು ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ದುರಸ್ತಿ ಮಾಡಿಸಿ ವಾಸಕ್ಕೆ ತಂದರು. 1960ರ ದಶಕದಲ್ಲಿ ಅದು ರೆಸ್ಟೋರೆಂಟ್ ಆಗಿ, ಆಮೇಲೆ ಹೋಟೆಲಾಯಿತು. ನಮ್ಮ ಮೈಸೂರಿನ ಲಲಿತಮಹಲ್ ಹೋಟೆಲಾದುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ಅದನ್ನು ಕಟ್ಟಿಸಿದ್ದೇ ವೈಸ್‌ರಾಯ್‌ನಂಥ ಅತಿಥಿಗಳಿಗಾಗಿ. ಅಲ್ಲಿ ಅತಿಥಿ ಬದಲಾದನೇ ಹೊರತು ಮನೆಯ ಕೆಲಸ ಬದಲಾಗಲಿಲ್ಲ. ಇಲ್ಲಿ ಒಬ್ಬನ ಅಧಿಕಾರವನ್ನು ಸಾರಲು ಎದ್ದ ಕಟ್ಟಡ ಅಪರಿಚಿತರಿಗೆ ಹಾಸಿಗೆ ಹಾಸುತ್ತಿದೆ. ಸೋರುವ ಮಾಡು, ಸವೆಯುವ ಕಲ್ಲು ಯಾರ ಅಭಿಮಾನಕ್ಕೂ ಕಾಯುವುದಿಲ್ಲ. ಪ್ರತಿ ವರ್ಷ ದುಡ್ಡು ಬೇಕು, ದಿನವೂ ಒಳಗೆ ಓಡಾಡುವ ಜನ ಬೇಕು. ಹೋಟೆಲು ಎರಡನ್ನೂ ಒದಗಿಸಿದೆ.

ಬಾಡಿಗೆ ಎಲ್ಲರ ಕೈಗೆಟುಕುವಂಥದ್ದಲ್ಲ ಎಂಬುದನ್ನು ನಾನು ಮರೆತಿಲ್ಲ. ನಾವೂ ತಿಂಗಳುಗಟ್ಟಲೆ ಹಣ ಕೂಡಿಟ್ಟೇ ಹೋದದ್ದು. ಪಕ್ಕದ ಸೇಂಟ್ ಮೇರಿ ಚರ್ಚಿನ ಅಂಗಳಕ್ಕೆ ಬಂದವರಿಗೆ ಕಾಸಿಲ್ಲದೆ ಈ ಕಟ್ಟಡ ಕಾಣುತ್ತದೆಂಬುದು ನನಗೆ ಸಮಾಧಾನ. ಆದರೆ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಹೊರ ಅಂಗಳದ ಅರ್ಧಕ್ಕೆ ನಿಂತ ಗೋಡೆಗಳಿಗೆ ಮಾಡು ಹೊದಿಸಿ ಇನ್ನಷ್ಟು ಕೋಣೆ ಮಾಡುವ ಆಸೆ ಯಾರಿಗೂ ಎಂದಿಗೂ ಹುಟ್ಟದಿರಲಿ. ಬೆಳಿಗ್ಗೆ ಹೊರಡುವ ಮುನ್ನ ಅಲ್ಲಿ ನಿಂತಿದ್ದೆವು. ಒಂದು ಕಿಟಕಿಯ ಕಲ್ಲಿನ ಚೌಕಟ್ಟಿನಲ್ಲಿ ಹುಲ್ಲು ಬೆಳೆದಿತ್ತು. ಅದರಾಚೆ ಕೋಣೆಯಿರಲಿಲ್ಲ, ಆಕಾಶವಷ್ಟೇ ಇತ್ತು.