ಎಡಗೈಗೆ ಗೊತ್ತಾಗದ ಹಾಗೆ

ಈಸ್ಟರಿಗೆ ಮುಂಚಿನ ವ್ರತದ ದಿನಗಳಾದ ತಪಸ್ಸು ಕಾಲ ಶುರುವಾಯಿತು ಅಂದರೆ ನಮ್ಮ ಕ್ರೈಸ್ತರ ಮನೆಗಳಲ್ಲಿ ಒಂದೇ ಪ್ರಶ್ನೆ: "ಈ ಸಲ ಏನು ಬಿಟ್ರಿ?" ಒಬ್ಬರು ಕಾಫಿ ಬಿಟ್ಟಿರುತ್ತಾರೆ, ಇನ್ನೊಬ್ಬರು ಸೀರಿಯಲ್ಲು. ನನ್ನ ಮಗಳು ಚಾಕೊಲೇಟ್ ಬಿಡುತ್ತಾಳೆ, ಅದೂ ವಕೀಲರ ತಲೆ ಓಡಿಸಿ. ತಪಸ್ಸು ಕಾಲದ ಮೊದಲ ದಿನವಾದ ಬೂದಿ ಬುಧವಾರದಿಂದ ಈಸ್ಟರಿನ ಹಿಂದಿನ ದಿನದವರೆಗೆ ಎಣಿಸಿದರೆ 46 ದಿನ. ತಪಸ್ಸು ಮಾತ್ರ 40 ದಿನ, ಯಾಕಂದ್ರೆ ಭಾನುವಾರಗಳು ಲೆಕ್ಕಕ್ಕಿಲ್ಲ. ಹಾಗಾಗಿ ಶನಿವಾರ ರಾತ್ರಿ ಹನ್ನೆರಡು ಹೊಡೆದ ತಕ್ಷಣ ಫ್ರಿಜ್ ಬಾಗಿಲಿನ ಸದ್ದು.

ಶುಕ್ರವಾರ ಮಾಂಸ ತಿನ್ನಬಾರದು. ಮೀನು ಆ ಲೆಕ್ಕಕ್ಕೆ ಬರುವುದಿಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ಬೇಳೆಸಾರು ಉಂಡು ಪಶ್ಚಾತ್ತಾಪ ಪಡುತ್ತಿದ್ದೆವು. ಅತ್ತೆ ಮಂಗಳೂರಿನವರು, ಶುಕ್ರವಾರಕ್ಕೆ ಬಂಗುಡೆ ಪುಳಿಮುಂಚಿ ಮಾಡುತ್ತಾರೆ. ಮದುವೆಯಾದ ಮೇಲೆ ನನ್ನ ಪಶ್ಚಾತ್ತಾಪದ ರುಚಿ ತುಂಬಾ ಸುಧಾರಿಸಿದೆ.

ಒಟ್ಟಿನಲ್ಲಿ ಬಿಡೋದು ಹೇಗೋ ನಡೆದುಹೋಗುತ್ತದೆ. ದಾನ, ತಾಳ್ಮೆ, ನಾಲಗೆಯ ಹಿಡಿತ ಅಂತ ಏನಾದರೂ ಬೆಳೆಸಿಕೊಳ್ಳೋಕೆ ಹೊರಟರೇನೇ ಫಜೀತಿ.

ಬೂದಿ ಬುಧವಾರದ ಪೂಜೆಯಲ್ಲಿ ಓದುವುದು ಬೈಬಲಿನ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದ ಮಾತುಗಳು. ಬಲಗೈ ಕೊಟ್ಟ ದಾನ ಎಡಗೈಗೆ ಗೊತ್ತಾಗಬಾರದು. ಉಪವಾಸ ಮಾಡುವಾಗ ಮುಖ ಬಾಡಿಸಿಕೊಂಡು ಓಡಾಡಬೇಡ, ಮುಖ ತೊಳೆದುಕೋ. ಇಷ್ಟು ಓದಿ, ಅದರ ಬೆನ್ನಿಗೇ, ಹೋದ ವರ್ಷ ಗರಿಗಳ ಭಾನುವಾರ ಚರ್ಚಿನಲ್ಲಿ ಹಂಚಿದ ಗರಿಗಳನ್ನು ಸುಟ್ಟ ಬೂದಿಯಿಂದ ಹಣೆಗೆ ಎದ್ದು ಕಾಣುವ ಶಿಲುಬೆ ಬರೆದು ಕಳಿಸುತ್ತಾರೆ. ತೊಳೆಯೋದೋ ಬಿಡೋದೋ ಅಂತ ನಾನು ಇವತ್ತಿಗೂ ಯಾವ ಫಾದರನ್ನೂ ಕೇಳಿಲ್ಲ.

ಅದೇ ಹಣೆ ಹೊತ್ತು ಒಮ್ಮೆ ದರ್ಶಿನಿಗೆ ಹೋದೆ. ಬರೀ ಟೀಗೆ. (ಉಪವಾಸದ ದಿನ ಒಂದು ಪೂರ್ತಿ ಊಟ, ಎರಡು ಸಲ ಸ್ವಲ್ಪ ಸ್ವಲ್ಪ ತಿನ್ನಲು ಅವಕಾಶವಿದೆ. ಆದರೆ ಅವತ್ತು ನನ್ನ ಭಕ್ತಿ ಜೋರಾಗಿತ್ತು.) ಕೌಂಟರಿನ ಪಕ್ಕ ಒಬ್ಬ ಅಜ್ಜ ಜೇಬು ತಡಕಾಡುತ್ತಿದ್ದರು. ಷರಟಿನ ಜೇಬು, ಪ್ಯಾಂಟಿನ ಜೇಬು, ಮತ್ತೆ ಷರಟಿನ ಜೇಬು. ಮುಂದೆ ಮಸಾಲೆ ದೋಸೆ ಆರುತ್ತಿತ್ತು. ಪಾಪ, ಕಾಸಿಲ್ಲ ಅನ್ನಿಸಿತು. ಸದ್ದಿಲ್ಲದೆ ಫೋನ್ ತೆಗೆದು, ಕ್ಯೂಆರ್ ಕೋಡ್‌ಗೆ ಹಿಡಿದು, ನನ್ನ ಟೀಗೂ ಅವರ ದೋಸೆಗೂ ಸೇರಿಸಿ ನೂರು ರೂಪಾಯಿ ಹಾಕಿದೆ. ಎಡಗೈ ಪ್ಯಾಂಟಿನ ಜೇಬಿನಲ್ಲಿತ್ತು. ಅದಕ್ಕೆ ನಿಜವಾಗಲೂ ಏನೂ ಗೊತ್ತಾಗಲಿಲ್ಲ.

ಕೌಂಟರಿನ ಮೇಲಿನ ಡಬ್ಬಿಗೆ ಗೊತ್ತಾಯಿತು. "ನೂರು ರೂಪಾಯಿ ಸ್ವೀಕರಿಸಲಾಗಿದೆ!" ಎಂದು ಬಸ್‌ಸ್ಟಾಪಿನವರೆಗೆ ಕೇಳುವ ಹಾಗೆ ಸಾರಿತು.

"ಸಾರ್, ಟೀಗೆ ಹದಿನೈದೇ. ನೂರು ಯಾಕೆ?" ಕ್ಯಾಷಿಯರ್ ಕೇಳಿದ. ನಾನು ಹುಬ್ಬಿನಲ್ಲೇ ಅಜ್ಜನ ಕಡೆ ಸನ್ನೆ ಮಾಡಿದೆ. "ಓ, ಈ ಅಜ್ಜಂದೂ ನೀವೇ ಕೊಟ್ರಾ?" ಡಬ್ಬಿಗಿಂತ ಅವನ ಗಂಟಲೇ ದೊಡ್ಡದು. ಇಡ್ಲಿ ತಿನ್ನುತ್ತಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ ಬಿಡು ಎಂದು ಒಳಗೆ ಸ್ವಲ್ಪ ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ.

"ನನ್ನ ದೋಸೆಗೆ ನೀನ್ಯಾಕಪ್ಪ ಕೊಡ್ತೀಯ? ಆಗಲೇ ಕೊಟ್ಟಾಯ್ತು," ಎಂದರು ಅಜ್ಜ. "ಶುಗರ್ ಮಾತ್ರೆ ಹುಡುಕ್ತಿದ್ದೆ." ಆಮೇಲೆ ನನ್ನನ್ನೇ ದಿಟ್ಟಿಸಿ, "ಹಣೆಗೆ ಏನೋ ಮಸಿ ಹತ್ತಿದೆ. ಹೋಗಿ ಮುಖ ತೊಳ್ಕೋ," ಎಂದರು.

ದುಡ್ಡು ವಾಪಸ್ ಹಾಕಲು ಓನರ್ ಇರಲಿಲ್ಲ. ಉಳಿದ ಎಂಬತ್ತೈದು ರೂಪಾಯಿಗೆ ಕ್ಯಾಷಿಯರ್ ಉದ್ದಿನವಡೆ ಕಟ್ಟಿಕೊಟ್ಟ. ಉಪವಾಸದ ದಿನ, ಹಣೆಯಲ್ಲಿ ಬೂದಿ, ಕೈಯಲ್ಲಿ ಎಣ್ಣೆ ಸೋರುವ ಪೊಟ್ಟಣ ಹಿಡಿದು ಹೊರಗೆ ಬಂದರೆ ಎದುರಿಗೆ ಚರ್ಚಿನ ಉಪದೇಶಿಗಳು. ಅವರು ಪೊಟ್ಟಣ ನೋಡಿದರು, ಮೂಸಿದರು, ಏನೂ ಹೇಳಲಿಲ್ಲ. ಅದು ಅವರ ತಾಳ್ಮೆ.

ನನ್ನ ತಾಳ್ಮೆಯ ಆಯಸ್ಸು ಚರ್ಚಿನ ಬಾಗಿಲಿನವರೆಗೆ. ಪೂಜೆಯಲ್ಲಿ ಶಾಂತಿ ಕೋರುವಾಗ ಪಕ್ಕದವರಿಗೆ ಕೈ ಜೋಡಿಸಿ, ತಲೆಬಾಗಿ, ನಗುತ್ತೇನೆ. ಹೊರಗೆ ಬಂದರೆ ಅದೇ ಪಕ್ಕದವರ ಕಾರು ನನ್ನ ಸ್ಕೂಟರಿಗೆ ಅಡ್ಡ ನಿಂತಿರುತ್ತದೆ. ಆಗ ನಾನು ಒತ್ತುವ ಹಾರ್ನಿನಲ್ಲಿ ಶಾಂತಿ ಇರುವುದಿಲ್ಲ.

ಇನ್ನು ನಾಲಗೆ. 2020ರ ಸೆಪ್ಟೆಂಬರಿನಲ್ಲಿ, ಕೊರೊನಾ ಕಾಟದ ನಡುವೆಯೇ, ಇನ್ನೊಬ್ಬರ ಬಗ್ಗೆ ಹಿಂದಿನಿಂದ ಆಡಿಕೊಳ್ಳುವುದು ಕೋವಿಡ್‌ಗಿಂತ ಕೆಟ್ಟ ಪಿಡುಗು ಎಂದು ಪೋಪ್ ಫ್ರಾನ್ಸಿಸ್ ಹೇಳಿದ್ದರು. ಇದನ್ನು ಅತ್ತೆಗೆ ಹೇಳಿದೆ. ಅವರು ಆಗಷ್ಟೇ ಹಿಂದಿನ ಬೀದಿಯ ಒಂದು ಮನೆಯ ವಿಷಯ ಎತ್ತಿದ್ದರು.

"ಆಡಿಕೊಳ್ಳುವುದಾ? ಛೆ! ಅವರಿಗಾಗಿ ಸ್ವಲ್ಪ ಪ್ರಾರ್ಥನೆ ಮಾಡಿ ಅಂತ ಹೇಳಿದ್ದು ಮಾರಾಯ್ರೆ."

"ಯಾಕತ್ತೆ, ಏನಾಯ್ತು?"

"ಅದೆಲ್ಲ ಹೇಳಬಾರದು. ತಪಸ್ಸು ಕಾಲ."

"ವಿಷಯವೇ ಗೊತ್ತಿಲ್ಲದೆ ಹೇಗೆ ಪ್ರಾರ್ಥನೆ ಮಾಡೋದು?" ಎಂದೆ.

ನನ್ನ ಭಕ್ತಿ ಅವರಿಗೆ ಹಿಡಿಸಿತು. ಗ್ಯಾಸ್ ಸಣ್ಣ ಮಾಡಿ, ಸೆರಗಿಗೆ ಕೈ ಒರೆಸಿಕೊಂಡು, "ಹಾಗಾದ್ರೆ ಮೊದಲಿಂದ ಹೇಳ್ತೇನೆ, ಕೇಳಿ," ಎಂದರು.