ಟರ್ಕಿಗೆ ಮಸಾಲೆ ಅರೆಯುವ ಮೊದಲು

ಮಿನೆಸೋಟಾದಲ್ಲಿದ್ದು ಟರ್ಕಿ ಮುಟ್ಟಲ್ಲ ಅನ್ನೋದು ಮಂಡ್ಯದಲ್ಲಿದ್ದು ಕಬ್ಬು ತಿನ್ನಲ್ಲ ಅಂದ ಹಾಗೆ. ಅಮೆರಿಕದಲ್ಲಿ ಟರ್ಕಿ ಕೋಳಿ ಸಾಕಣೆಗೆ ಹೆಸರಾದ ರಾಜ್ಯ ಇದು. ಆದರೂ ನವೆಂಬರಿನ ನಾಲ್ಕನೇ ಗುರುವಾರ, ಇಲ್ಲಿಯವರು ಟರ್ಕಿ ಬೇಯಿಸಿ ಆಚರಿಸುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ, ಮಾಂಸ ತಿನ್ನುವ ನಮ್ಮವರ ಎಷ್ಟೋ ಮನೆಗಳಲ್ಲಿ ಚಿಕನ್ ಬಿರಿಯಾನಿಯೋ ಮಟನ್ ಸಾರೋ ಆಗುತ್ತದೆ. ಕೇಳಿದರೆ "ಟರ್ಕಿ ಸಪ್ಪೆ ಕಣ್ರೀ, ಬರೀ ನಾರು, ಗಂಟಲಲ್ಲಿ ಇಳಿಯಲ್ಲ" ಅನ್ನುತ್ತಾರೆ. ಇನ್ನು ಕೆಲವರು ತರುತ್ತಾರೆ, ಆದರೆ ತುಂಡು ಮಾಡಿ, ಎಣ್ಣೆ ತೇಲುವಷ್ಟು ಮಸಾಲೆ ಹಾಕಿ, ಕುಕ್ಕರಿನಲ್ಲಿ ಸೀಟಿ ಮೇಲೆ ಸೀಟಿ ಕೂಗಿಸಿಬಿಡುತ್ತಾರೆ. ನನಗೆ ಎರಡೂ ಇಷ್ಟವಾಗಲ್ಲ. ಹಬ್ಬದ ದಿನ ಹೊಟ್ಟೆಗೆ ಹಗುರಾಗಿ, ಮನೆಮಂದಿಗೆಲ್ಲ ಸಾಕಾಗುವಷ್ಟು ಒಳ್ಳೆಯ ಮಾಂಸ ಬೇಕು ಅಂದರೆ ಟರ್ಕಿಯಂಥದ್ದು ಇನ್ನೊಂದಿಲ್ಲ. ಬೇಯಿಸುವುದನ್ನು ಇಲ್ಲಿಯವರಿಂದ ಕಲಿಯಬೇಕು, ಮೂಳೆಯನ್ನು ಏನು ಮಾಡಬೇಕು ಅನ್ನೋದನ್ನು ನಾವು ಅವರಿಗೆ ಕಲಿಸಬಹುದು. ನಾನು ಹೇಳಬೇಕಾಗಿರೋದು ಇಷ್ಟೇ.

ನಮ್ಮ ಕಡೆ ಮಾಂಸದ ಅಡುಗೆ ಹುಟ್ಟಿದ್ದೇ ಗಟ್ಟಿ ಮಾಂಸಕ್ಕೆ. ನಾಟಿ ಕೋಳಿ ಅಂಗಳವೆಲ್ಲ ಓಡಾಡಿ ಬೆಳೆದದ್ದು, ಅದಕ್ಕೆ ಹೊತ್ತು ಬೇಕು, ನೀರು ಬೇಕು, ಬೆಂದಷ್ಟೂ ರುಚಿ ಬಿಡುತ್ತದೆ. ಟರ್ಕಿಯ ಎದೆ ಮಾಂಸ ಇದಕ್ಕೆ ಪೂರ್ತಿ ತಿರುವುಮುರುವು. ಚರ್ಮ ತೆಗೆದ 100 ಗ್ರಾಂ ಬೆಂದ ಎದೆ ಮಾಂಸದಲ್ಲಿ ಪ್ರೋಟೀನ್ ಸುಮಾರು 30 ಗ್ರಾಂ ಇದ್ದರೆ ಕೊಬ್ಬು 2 ಗ್ರಾಂ ಆಸುಪಾಸು. ಕೊಬ್ಬು ಇಷ್ಟು ಕಮ್ಮಿ ಇರೋದರಿಂದಲೇ ಅದು ಆರೋಗ್ಯಕ್ಕೆ ಒಳ್ಳೆಯದು, ಅದರಿಂದಲೇ ಬೇಗ ಒಣಗಿಯೂ ಹೋಗುತ್ತದೆ. ಜಾಸ್ತಿ ಬೇಯಿಸಿದರೆ ನಾರಾಗುತ್ತದೆ, ಆಮೇಲೆ ಎಷ್ಟು ಮಸಾಲೆ ಸುರಿದರೂ ಮಸಾಲೆ ಬೇರೆ, ಮಾಂಸ ಬೇರೆ. ತೊಡೆ ಮತ್ತು ಕಾಲಿನದು ಬೇರೆ ಜಾತಿ. ಅಲ್ಲಿ ಕೊಬ್ಬು ಸ್ವಲ್ಪ ಜಾಸ್ತಿ, ಕಬ್ಬಿಣದ ಅಂಶವೂ ಜಾಸ್ತಿ, ಚೆನ್ನಾಗಿ ಬೆಂದರೆ ಇನ್ನೂ ರುಚಿ.

ಅದಕ್ಕೇ ಥರ್ಮಾಮೀಟರ್. ನಮ್ಮ ಅಡುಗೆಮನೆಗಳಲ್ಲಿ ಇದನ್ನು ಹಿಡಿದರೆ ದೊಡ್ಡವರು ನಗುತ್ತಾರೆ, ಕೈಗೆ ಅಂದಾಜು ಗೊತ್ತಾಗಲ್ವಾ ಅಂತ. ಸಾರಿನ ಕೋಳಿಗೆ ಅಂದಾಜು ಸಾಕು. ಹದಿನಾಲ್ಕು ಪೌಂಡಿನ ಇಡೀ ಹಕ್ಕಿ ಓವನ್ನಿನಲ್ಲಿದ್ದಾಗ ಸಾಲದು. ತೊಡೆಯ ಒಳಭಾಗ, ರೆಕ್ಕೆಯ ಒಳಭಾಗ, ಎದೆಯ ದಪ್ಪ ಜಾಗ, ಮೂರೂ ಕಡೆ 165 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 74 ಸೆಲ್ಸಿಯಸ್, ಮುಟ್ಟಿರಬೇಕು, ಮುಳ್ಳು ಮೂಳೆಗೆ ತಾಗಬಾರದು. 325 ಡಿಗ್ರಿ ಫ್ಯಾರನ್‌ಹೀಟ್ ಓವನ್ನಿನಲ್ಲಿ ಇಷ್ಟು ದೊಡ್ಡದಕ್ಕೆ ಮೂರೂವರೆ ಗಂಟೆ ಹತ್ತಿರ ಬೇಕಾಗುತ್ತದೆ. ನನಗೆ ಹಿಡಿಸೋದು ಬೆನ್ನುಮೂಳೆ ಕತ್ತರಿಸಿ ತೆಗೆದು, ಎದೆಯನ್ನು ಒತ್ತಿ ಚಪ್ಪಟೆ ಮಾಡಿ ಬೇಯಿಸುವ ರೀತಿ. ಓವನ್ ಬಿಸಿ ಜಾಸ್ತಿ ಇಟ್ಟರೆ ಅರ್ಧದಷ್ಟು ಹೊತ್ತಿನಲ್ಲಿ ಬೇಯುತ್ತದೆ, ಎದೆ ಒಣಗುವ ಮೊದಲೇ ತೊಡೆ ಬೆಂದಿರುತ್ತದೆ. ತಟ್ಟೆಯಲ್ಲಿ ಇಡೀ ಹಕ್ಕಿ ಕೂತ ಫೋಟೋ ಸಿಗಲ್ಲ, ಸಿಗದಿದ್ದರೆ ಹೋಗಲಿ.

ಉಪ್ಪಿನ ವಿಷಯಕ್ಕೆ ಬರೋಣ. ಕೊಳ್ಳುವಾಗಲೇ ಚೀಟಿ ಓದಿ. ಎಷ್ಟೋ ಟರ್ಕಿಗಳಿಗೆ ಕಾರ್ಖಾನೆಯಲ್ಲೇ ಉಪ್ಪುನೀರು ಚುಚ್ಚಿರುತ್ತಾರೆ, ಬಿಪಿ ಇರುವ ಅಪ್ಪ ಅಮ್ಮ ಊರಿಂದ ಬಂದಿದ್ದರೆ ಇದು ಸಣ್ಣ ಮಾತಲ್ಲ. ಅಂಥದ್ದಕ್ಕೆ ಮತ್ತೆ ಉಪ್ಪು ಹಚ್ಚಲೇಬೇಡಿ. ಚುಚ್ಚದೇ ಇರುವುದು ಸಿಕ್ಕಿದರೆ ಐದು ಪೌಂಡಿಗೆ ಒಂದು ಟೇಬಲ್ ಸ್ಪೂನ್ ಲೆಕ್ಕದಲ್ಲಿ ಇಲ್ಲಿ ಕೋಷರ್ ಅಂತ ಮಾರುವ ದಪ್ಪ ಹರಳಿನ ಉಪ್ಪು ಸವರಿ, ಒಂದೆರಡು ದಿನ ಫ್ರಿಜ್ಜಿನಲ್ಲಿಡಿ. ಮೊದಲು ಉಪ್ಪು ನೀರು ಬಿಡಿಸುತ್ತದೆ, ಆಮೇಲೆ ಮಾಂಸ ಆ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಜೊತೆಗೆ ಕುಟ್ಟಿದ ಕರಿಮೆಣಸು, ಬೆಳ್ಳುಳ್ಳಿ ಇದ್ದರೆ ಸಾಕು. ಹಾಂ, ಕಲ್ಲಿನಂತೆ ಹೆಪ್ಪುಗಟ್ಟಿದ ಹಕ್ಕಿಗೆ ನಾಲ್ಕೈದು ಪೌಂಡಿಗೆ ಒಂದು ದಿನದಂತೆ ಫ್ರಿಜ್ಜಿನಲ್ಲಿ ಕರಗಲು ಬಿಡಬೇಕು. ಹಾಗಾಗಿ ಉಪ್ಪು ಹಚ್ಚುವವರು ಹಿಂದಿನ ವಾರದ ಕೊನೆಗೇ ಫ್ರೀಜರಿನಿಂದ ತೆಗೆದಿರಬೇಕು. ರಾತ್ರಿಯಿಡೀ ಕಟ್ಟೆಯ ಮೇಲೆ ಬಿಡುವ ಅಭ್ಯಾಸ ದಯವಿಟ್ಟು ಬೇಡ.

ತೊಳೆಯುವ ಮಾತು ಎತ್ತಿದರೆ ನಮ್ಮವರಿಗೆ ಸಿಟ್ಟು ಬರುತ್ತದೆ, ಆದರೂ ಹೇಳುತ್ತೇನೆ. ಅರಿಶಿನ, ಉಪ್ಪು ಹಾಕಿ ನಾಲ್ಕು ನೀರಿನಲ್ಲಿ ತೊಳೆಯದ ಮಾಂಸವನ್ನು ನಮ್ಮ ಮನೆಗಳಲ್ಲಿ ಒಲೆ ಮೇಲೆ ಇಡುತ್ತಿರಲಿಲ್ಲ. ಊರಲ್ಲಿ ಅದಕ್ಕೆ ಅರ್ಥವಿತ್ತು. ಮನೆಯಲ್ಲೇ ಕೊಯ್ದ ಕೋಳಿ, ಪುಕ್ಕ ಸುಟ್ಟ ಮಸಿ, ರಕ್ತ ಎಲ್ಲ ಇರುತ್ತಿತ್ತು, ಹಿತ್ತಲಲ್ಲಿ ಕೂತು ತೊಳೆಯುತ್ತಿದ್ದರು. ಇಲ್ಲಿ ಸಿಂಕಿನಲ್ಲಿ ಹದಿನಾಲ್ಕು ಪೌಂಡಿನ ಹಕ್ಕಿ ತೊಳೆದರೆ ಹಸಿ ಮಾಂಸದ ನೀರು ಪಕ್ಕದಲ್ಲಿರೋ ಕೋಸಂಬರಿ ಬಟ್ಟಲಿಗೂ ಸಿಡಿಯುತ್ತದೆ. ಅಮೆರಿಕದ ಕೃಷಿ ಇಲಾಖೆ ತೊಳೆಯಬೇಡಿ ಅನ್ನುವುದು ಇದಕ್ಕೇ. ಪೇಪರ್ ಟವೆಲಿನಲ್ಲಿ ಒತ್ತಿ ಒರೆಸಿ, ಕೈ ಮತ್ತು ಸಿಂಕು ಸೋಪಿನಲ್ಲಿ ತೊಳೆಯಿರಿ. ರೋಗಾಣು ಸಾಯೋದು 165 ಡಿಗ್ರಿಯಲ್ಲಿ.

ಇಷ್ಟು ಮಾಡಿದರೂ ಹಬ್ಬದೂಟ ಹಗುರಾಗಿರಲ್ಲ, ಯಾಕೆಂದರೆ ತೂಕ ಇರೋದು ಸುತ್ತ ಇಟ್ಟಿರುವ ಬಟ್ಟಲುಗಳಲ್ಲಿ. ಮಾರ್ಷ್‌ಮೆಲ್ಲೋ ಹಾಕಿದ ಗೆಣಸು, ಬೆಣ್ಣೆ ಆಲೂಗಡ್ಡೆ, ಕೊಬ್ಬಿನ ಗ್ರೇವಿ, ಸಕ್ಕರೆಪಾಕದಂಥ ಕ್ರ್ಯಾನ್‌ಬೆರಿ ಸಾಸ್, ಮೇಲೆ ಪೈ. ಊಟವಾದ ಮೇಲೆ ಬರುವ ನಿದ್ದೆಗೆ ಎಲ್ಲರೂ ಟರ್ಕಿಯ ಪ್ರೋಟೀನಿನಲ್ಲಿರುವ ಟ್ರಿಪ್ಟೊಫ್ಯಾನ್ ಅನ್ನೋ ಅಂಶವನ್ನು ದೂರುತ್ತಾರೆ. ಕೋಳಿಯಲ್ಲೂ ಅದು ಹೆಚ್ಚುಕಮ್ಮಿ ಅಷ್ಟೇ ಇದೆ. ನಿದ್ದೆ ತರಿಸೋದು ಮೂರು ತಟ್ಟೆ ಊಟ.

ಇಲ್ಲಿ ನಮ್ಮ ಬಾಡೂಟ ನೆನಪಾಗುತ್ತದೆ. ಯುಗಾದಿ ಮಾರನೇ ದಿನ ಹೊಸತೊಡಕಿಗೆ ಹಳ್ಳಿಗಳಲ್ಲಿ ಹತ್ತಾರು ಮನೆಯವರು ಸೇರಿ ಮರಿ ತಂದು ಕಡಿದು, ಗುಡ್ಡೆ ಹಾಕುತ್ತಾರೆ. ಪ್ರತಿ ಗುಡ್ಡೆಗೂ ಒಂದಿಷ್ಟು ಮೂಳೆ, ಒಂದಿಷ್ಟು ಈಲಿ, ಒಂದಿಷ್ಟು ಕೊಬ್ಬು. ಯಾರಿಗೂ ಬರೀ ಒಳ್ಳೆ ತುಂಡು ಬರಲ್ಲ, ಯಾರಿಗೂ ಬರೀ ಮೂಳೆಯೂ ಬರಲ್ಲ. ಆಮೇಲೆ ತಟ್ಟೆಯಲ್ಲಿ ಮುದ್ದೆ ದೊಡ್ಡದು, ಸಾರು ಧಾರಾಳ, ತುಂಡು ಲೆಕ್ಕದ್ದು. ಆ ಅಳತೆ ಇಲ್ಲಿಯ ಮೇಜಿಗೂ ಚೆನ್ನಾಗಿ ಹೊಂದುತ್ತದೆ. ನಾನು ಈಗ ಟರ್ಕಿ ಪಕ್ಕಕ್ಕೆ ಇಡೋದು ಹೆಸರುಬೇಳೆ ಕೋಸಂಬರಿ, ಹುರುಳಿಕಾಯಿ ಪಲ್ಯ, ಸುಮ್ನೆ ಸುಟ್ಟ ಗೆಣಸು. ಹಸಿ ಕ್ರ್ಯಾನ್‌ಬೆರಿಗೆ ಸ್ವಲ್ಪ ಬೆಲ್ಲ, ಒಣಮೆಣಸಿನಕಾಯಿ, ಸಾಸಿವೆ ಒಗ್ಗರಣೆ ಕೊಟ್ಟು ಗೊಜ್ಜು ಮಾಡಿದರೆ ಇಲ್ಲಿಯ ಗೆಳೆಯರೂ ಎರಡನೇ ಸಲ ಹಾಕಿಸಿಕೊಳ್ಳುತ್ತಾರೆ. ಆದರೆ ನಮ್ಮ "ಇನ್ನೊಂದು ತುಂಡು, ಇನ್ನೊಂದೇ ತುಂಡು" ಅನ್ನೋ ಬಲವಂತವನ್ನು ನಾನು ಬಿಟ್ಟಿದ್ದೇನೆ. ಇಲ್ಲಿ ಅವರವರೇ ಬಡಿಸಿಕೊಳ್ಳುವುದು ವಾಸಿ, ಶುಗರ್ ಇರುವವರಿಗಂತೂ ನೆಮ್ಮದಿ.

ಇಲ್ಲಿಯವರು ಸೋಲುವುದು ಊಟ ಮುಗಿದ ಮೇಲೆ. ಮಧ್ಯಾಹ್ನ ಇಟ್ಟ ಹಕ್ಕಿ ಫುಟ್‌ಬಾಲ್ ಮ್ಯಾಚ್ ಮುಗಿಯುವ ತನಕ ಮೇಜಿನ ಮೇಲೇ ಇರುತ್ತದೆ. ಎರಡು ಗಂಟೆಯೊಳಗೆ ಮಾಂಸ ಬಿಡಿಸಿ ಫ್ರಿಜ್ಜಿಗೆ ಹೋಗಬೇಕು, ಮೂರ್ನಾಲ್ಕು ದಿನದಲ್ಲಿ ಖಾಲಿಯಾಗಬೇಕು. ಮೂಳೆಗೂಡನ್ನು ಎಷ್ಟೋ ಮನೆಗಳಲ್ಲಿ ಕಸಕ್ಕೆ ಹಾಕುತ್ತಾರೆ, ಅದನ್ನು ನೋಡಿದರೆ ನಿಜಕ್ಕೂ ಸಂಕಟವಾಗುತ್ತದೆ. ಶುಕ್ರವಾರ ಬೆಳಗ್ಗೆ ಆ ಮೂಳೆಗಳನ್ನು ಶುಂಠಿ, ಈರುಳ್ಳಿ, ಮೆಣಸು ಹಾಕಿ ಎರಡು ಮೂರು ಗಂಟೆ ಸಣ್ಣ ಉರಿಯಲ್ಲಿ ಕುದಿಸಿ, ಸೋಸಿ, ತಣ್ಣಗೆ ಮಾಡಿ. ಮೇಲೆ ಕಟ್ಟಿದ ಕೊಬ್ಬನ್ನು ಚಮಚದಲ್ಲಿ ಎತ್ತಿ ತೆಗೆಯಿರಿ. ಮಸಾಲೆ ಅರೆಯಬೇಕಾದ್ದು ಈಗ: ಹುರಿದ ಧನಿಯಾ, ಒಣಮೆಣಸಿನಕಾಯಿ, ಚೆಕ್ಕೆ, ಲವಂಗ, ಸ್ವಲ್ಪ ಕಾಯಿ, ಕೊತ್ತಂಬರಿ ಸೊಪ್ಪು. ಸಾರು ಕುದ್ದ ಮೇಲೆ ಉಳಿದ ತೊಡೆ ಮಾಂಸ ಹಾಕಿ, ಅದೂ ಬಿಸಿ ಹಿಡಿಯುವ ತನಕ ಕುದಿಸಿ ಇಳಿಸಿ. ಮುದ್ದೆ ಕಟ್ಟುವಷ್ಟು ರಾಗಿ ಹಿಟ್ಟು ಮನೆಯಲ್ಲಿದೆಯಾ ಅಂತ ಬುಧವಾರವೇ ನೋಡಿಕೊಳ್ಳಿ, ಗುರುವಾರ ಅಂಗಡಿ ಬಾಗಿಲು ಹಾಕಿರುತ್ತದೆ.