ಸಾಲದಲ್ಲಿದ್ದರೂ ನಿಮ್ಮ ದುಡ್ಡು ನೀವೇ ಕೇಳಿ

ಸಾಲ ತೀರಿಸಲಾಗದೆ ಒಪ್ಪಂದಕ್ಕೆ ಬಂದವರು ಬಾಯಿ ಮುಚ್ಚಿಕೊಂಡಿರಬೇಕು ಅನ್ನುವ ಭಾವನೆ ನಮ್ಮವರಲ್ಲಿ ತುಂಬಾ ಗಟ್ಟಿ. ಇಂಗ್ಲೆಂಡಿನಲ್ಲಿ ನೆಲೆಸಿದ ಕನ್ನಡಿಗರಲ್ಲೂ ಇದನ್ನು ನೋಡುತ್ತಿದ್ದೇನೆ. ತಪ್ಪದೆ ಕಂತು ಕಟ್ಟುತ್ತಾರೆ, ಬ್ಯಾಂಕಿನಿಂದ ಬಂದ ಕಾಗದ ಒಡೆಯಲು ಹೆದರುತ್ತಾರೆ, ಊರಿಗೆ ಫೋನ್ ಮಾಡಿದಾಗ ಎಲ್ಲ ಚೆನ್ನಾಗಿದೆ ಅನ್ನುತ್ತಾರೆ. ಅದೇ ಬ್ಯಾಂಕು ತಮಗೆ ದುಡ್ಡು ವಾಪಸ್ ಕೊಡಬೇಕಿದ್ದರೂ ಕೇಳುವುದಿಲ್ಲ. ಇಲ್ಲವೇ, ಕೇಳುವ ಕೆಲಸವನ್ನು ಯಾವುದೋ ಏಜೆಂಟ್ ಕಂಪನಿಗೆ ಒಪ್ಪಿಸಿಬಿಡುತ್ತಾರೆ. ಈ ಎರಡನೆಯದರ ಬಗ್ಗೆಯೇ ನನಗೆ ಜಾಸ್ತಿ ಸಂಕಟ.

ಪಿಪಿಐ ನೆನಪಿದೆಯಲ್ಲ? ಕೆಲಸ ಹೋದರೆ, ಕಾಯಿಲೆ ಬಿದ್ದರೆ ನಿಮ್ಮ ಕಂತು ನಾವು ಕಟ್ಟುತ್ತೇವೆ ಅಂತ ಸಾಲದ ಜೊತೆಗೇ ಅಂಟಿಸುತ್ತಿದ್ದ ವಿಮೆ. ಊರಲ್ಲಿ ಮನೆ ಸಾಲದ ಜೊತೆ ವಿಮೆ ಮಾಡಿಸಿಕೊಂಡು ಬಂದವರಿಗೆ ಇದು ಹೊಸ ಮಾತೇನಲ್ಲ. ಇಲ್ಲಿ ಸ್ವಂತ ವ್ಯಾಪಾರ ಮಾಡುವವರಿಗೂ ಮಾರಿದರು, ಮೊದಲೇ ಕಾಯಿಲೆ ಇದ್ದವರಿಗೂ ಮಾರಿದರು. ಅವರಲ್ಲಿ ಎಷ್ಟೋ ಜನಕ್ಕೆ ಆ ವಿಮೆಯಿಂದ ಏನೂ ಸಿಗುವಂತಿರಲಿಲ್ಲ. ಎಷ್ಟೋ ಕಡೆ ಪೂರ್ತಿ ಪ್ರೀಮಿಯಂ ಅನ್ನು ಸಾಲಕ್ಕೇ ಸೇರಿಸಿ ಅದರ ಮೇಲೂ ಬಡ್ಡಿ ಹಾಕಿದರು. 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಪ್ಲೆವಿನ್ ಪ್ರಕರಣದಲ್ಲಿ 34,000 ಪೌಂಡ್ ಸಾಲಕ್ಕೆ 5,780 ಪೌಂಡ್ ಪ್ರೀಮಿಯಂ. ಅದರಲ್ಲಿ ಶೇ. 71.8 ಬರೀ ಕಮಿಷನ್! ಬ್ಯಾಂಕುಗಳು ಕೊನೆಗೆ 3,800 ಕೋಟಿ ಪೌಂಡಿಗೂ ಹೆಚ್ಚು ವಾಪಸ್ ಕೊಡಬೇಕಾಯಿತು. ದೂರು ಕೊಡಲು 2019ರ ಆಗಸ್ಟ್ 29 ಕೊನೆಯ ದಿನವಾಗಿತ್ತು.

ಮುಗಿದ ವಿಷಯ ಈಗೇಕೆ ಅನ್ನಬೇಡಿ. ಈಗ ಕಾರು ಸಾಲದ ಕಮಿಷನ್ ಸರದಿ, ಅಂದರೆ ಸಾಲ ಕೊಡಿಸಿದ್ದಕ್ಕೆ ಕಾರು ಮಾರುವವರಿಗೆ ಗ್ರಾಹಕರಿಗೆ ಸರಿಯಾಗಿ ತಿಳಿಸದೆ ಕೊಟ್ಟ ದುಡ್ಡು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, ಅದರ ಬೆನ್ನಿಗೇ ಹಣಕಾಸು ಕಂಪನಿಗಳ ಮೇಲೆ ಕಣ್ಣಿಡುವ ಸಂಸ್ಥೆಯಾದ ಎಫ್‌ಸಿಎ ಪರಿಹಾರ ಯೋಜನೆಗೆ ಕೈಹಾಕಿತು. ದುಡ್ಡು ವಾಪಸ್ ಕೊಡಿಸುತ್ತೇವೆ ಅನ್ನುವ ಏಜೆಂಟ್ ಕಂಪನಿಗಳ ಜಾಹೀರಾತುಗಳು, ಪಿಪಿಐ ಕಾಲದಲ್ಲಿ ಕಂಡಂಥವೇ, ಮತ್ತೆ ಶುರುವಾಗಿವೆ.

ಆಗ ಸಾಲದಲ್ಲಿದ್ದವರಿಗೆ ಏನಾಯಿತು ಅನ್ನುವುದನ್ನು ಲೆಕ್ಕ ಹಾಕಿಯೇ ಹೇಳುತ್ತೇನೆ. ನಿಮಗೆ 3,000 ಪೌಂಡ್ ವಾಪಸ್ ಬರಬೇಕು ಅಂದುಕೊಳ್ಳಿ. ಅದೇ ಬ್ಯಾಂಕಿಗೆ ನೀವು ಬಾಕಿ ಇದ್ದೀರಿ. ಬ್ಯಾಂಕು ಆ ದುಡ್ಡನ್ನು ಬಾಕಿಗೆ ವಜಾ ಮಾಡಿಕೊಳ್ಳುತ್ತದೆ. ಸಾಲ ಕಡಿಮೆಯಾಯಿತು, ಒಳ್ಳೆಯದೇ. ಆದರೆ ಕೈಗೆ ಒಂದು ಪೌಂಡೂ ಬರಲಿಲ್ಲ. ಏಜೆಂಟ್ ಕಂಪನಿಗೆ ಅದೆಲ್ಲ ಬೇಕಿಲ್ಲ. ಶೇ. 25 ಶುಲ್ಕ, ಅದರ ಮೇಲೆ ವ್ಯಾಟ್, ಒಟ್ಟು 900 ಪೌಂಡ್ ಕೊಡಿ ಅಂತ ಬಿಲ್ ಕಳಿಸುತ್ತದೆ. ತಿಂಗಳ ಕೊನೆಗೆ ದಿನಸಿಗೇ ಪರದಾಡುವ ಮನೆಯವರು ಎಲ್ಲಿಂದ ತರಬೇಕು? ನನಗೆ ಪರಿಚಯದ ಅಕ್ಕ ಒಬ್ಬರಿಗೆ ಇಂಥದ್ದೇ ಬಿಲ್ ಬಂದಿತ್ತು. ಸಾಲ ಇಳಿಸಲು ಹೋಗಿ ಹೊಸ ಸಾಲ ಮೈಮೇಲೆ ಬಂತು ಅಂತ ಅವರು ಅತ್ತಿದ್ದು ನನಗೆ ಮರೆಯಲಾಗುತ್ತಿಲ್ಲ. 2018ರ ಜುಲೈನಲ್ಲಿ ಪಿಪಿಐ ಶುಲ್ಕಕ್ಕೆ ವ್ಯಾಟ್ ಬಿಟ್ಟು ಶೇ. 20ರ ಮಿತಿ ಹಾಕಿದರು. ಅಷ್ಟರಲ್ಲಿ ಎಷ್ಟು ಮನೆಗಳಲ್ಲಿ ಹೀಗಾಗಿತ್ತೋ.

ಐವಿಎ ಮಾಡಿಕೊಂಡವರ ಸ್ಥಿತಿ ಇನ್ನೂ ಬಿಗಿ. ಅದು ಸಾಲ ತೀರಿಸಲಾಗದವರು ಸಾಲ ಕೊಟ್ಟವರ ಜೊತೆ ಮಾಡಿಕೊಳ್ಳುವ, 1986ರ ದಿವಾಳಿ ಕಾನೂನಿನ ಕೆಳಗೆ ಬರುವ ಒಪ್ಪಂದ. ಸಾಮಾನ್ಯವಾಗಿ ಐದು ವರ್ಷ, ಅದನ್ನು ನೋಡಿಕೊಳ್ಳಲು ಒಬ್ಬ ಮೇಲ್ವಿಚಾರಕ. ಅಂಥವರಿಗೆ ಬಂದ ಪಿಪಿಐ ದುಡ್ಡು ಸಾಮಾನ್ಯವಾಗಿ ಸಾಲ ಕೊಟ್ಟವರಿಗೆ ಹಂಚುವ ಗಂಟಿಗೆ ಹೋಗುತ್ತಿತ್ತು. 2017ರ ಗ್ರೀನ್ ವಿರುದ್ಧ ರೈಟ್ ಪ್ರಕರಣದಲ್ಲಿ ಅಪೀಲು ಕೋರ್ಟು, ಐವಿಎ ಮುಗಿದು ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಸಿಕ್ಕ ದುಡ್ಡೂ ಸಾಲ ಕೊಟ್ಟವರದೇ ಅಂದಿತು. ಮರುವರ್ಷ ಸ್ಕಾಟ್‌ಲೆಂಡಿನ ಟ್ರಸ್ಟ್ ಡೀಡ್ (ಐವಿಎಯಂಥದ್ದೇ ಅಲ್ಲಿನ ಒಪ್ಪಂದ) ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಉಲ್ಟಾ ಹೇಳಿತು: ಒಪ್ಪಂದ ಮುಗಿದಿದ್ದರೆ ದುಡ್ಡು ಸಾಲ ಮಾಡಿದವನದು.

ನನಗೆ ಸ್ಕಾಟ್‌ಲೆಂಡಿನ ತೀರ್ಪೇ ನ್ಯಾಯ ಅನಿಸುತ್ತದೆ. ಯೋಚಿಸಿ. ಬೇಡದ ವಿಮೆ ಹಚ್ಚಿ ಸಾಲ ಉಬ್ಬಿಸಿದ್ದು ಬ್ಯಾಂಕು. ಆ ಉಬ್ಬಿದ ಸಾಲ ಕಟ್ಟಲಾಗದೆ ಮನುಷ್ಯ ಐವಿಎಗೆ ಹೋದ. ಐದು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಕಂತು ಕಟ್ಟಿದ. ಈಗ ಬಂದ ಪರಿಹಾರದಲ್ಲಿ ಅದೇ ಬ್ಯಾಂಕೂ ಪಾಲುದಾರ! ಇದನ್ನು ಒಪ್ಪಿಕೊಳ್ಳಲು ನನಗಂತೂ ಆಗುವುದಿಲ್ಲ.

ಹಾಗಂತ ಬರಬೇಕಾದ ಪರಿಹಾರದ ವಿಷಯ ಮುಚ್ಚಿಡಬೇಡಿ. ಐವಿಎಯಲ್ಲಿದ್ದರೆ ಮೊದಲು ಒಪ್ಪಂದದ ಕಾಗದ ಓದಿ, ಮೇಲ್ವಿಚಾರಕರಿಗೆ ತಿಳಿಸಿ, ಕ್ಲೇಮು ಯಾರು ಹಾಕಬೇಕು ಅಂತ ಬರವಣಿಗೆಯಲ್ಲಿ ಕೇಳಿ. ದುಡ್ಡು ಗಂಟಿಗೆ ಹೋಗಿ ಏಜೆಂಟರ ಬಿಲ್ ಮಾತ್ರ ನಿಮ್ಮ ಮನೆ ಬಾಗಿಲಿಗೆ ಬಂದರೆ ಅದಕ್ಕಿಂತ ಅನ್ಯಾಯ ಇನ್ನೇನಿದೆ? ಡೆಟ್ ಮ್ಯಾನೇಜ್‌ಮೆಂಟ್ ಪ್ಲಾನ್‌ನಲ್ಲಿದ್ದರೆ (ದಿವಾಳಿ ಕಾನೂನಿಗೆ ಹೋಗದೆ ಕಂತು ಇಳಿಸಿಕೊಂಡು ಕಟ್ಟುವ ಏರ್ಪಾಡು) ಕ್ಲೇಮು ನಿಮ್ಮದೇ, ಆದರೂ ಪ್ಲಾನ್ ನಡೆಸುವವರಿಗೆ ಒಂದು ಮಾತು ಹೇಳಿ.

ದೂರು ಬರೆಯುವುದು ಕಷ್ಟವಲ್ಲ. ಸಾಲ ಕೊಟ್ಟವರು ನಿಮ್ಮ ಬಗ್ಗೆ ಇಟ್ಟುಕೊಂಡಿರುವ ದಾಖಲೆಗಳನ್ನು ಕೇಳಿ ಪಡೆಯಬಹುದು. 2018ರ ಮೇನಿಂದ ಅದಕ್ಕೆ ಸಾಮಾನ್ಯವಾಗಿ ಶುಲ್ಕವಿಲ್ಲ. ದೂರಿಗೆ ಅವರು ಕೊಟ್ಟ ಕೊನೆಯ ಉತ್ತರ ಒಪ್ಪಿಗೆಯಾಗದಿದ್ದರೆ ಆರು ತಿಂಗಳೊಳಗೆ, ಗ್ರಾಹಕರ ಮತ್ತು ಹಣಕಾಸು ಕಂಪನಿಗಳ ತಕರಾರು ಬಗೆಹರಿಸುವ ಫೈನಾನ್ಶಿಯಲ್ ಒಂಬುಡ್ಸ್‌ಮನ್‌ಗೆ ಹೋಗಿ, ಅದೂ ಉಚಿತ. ಏಜೆಂಟರೂ ಕಳಿಸುವುದು ಇದೇ ಪತ್ರ, ಹೋಗುವುದು ಇದೇ ಬಾಗಿಲಿಗೆ. ಸಾಲದ ಸಲಹೆ ಬೇಕಿದ್ದರೆ ಸ್ಟೆಪ್‌ಚೇಂಜ್, ನ್ಯಾಷನಲ್ ಡೆಟ್‌ಲೈನ್ ದುಡ್ಡು ತೆಗೆದುಕೊಳ್ಳದೆ ಕೊಡುತ್ತವೆ.

ಈಗಾಗಲೇ ಯಾವುದಾದರೂ ಕ್ಲೇಮ್ ಕಂಪನಿಗೆ ಸಹಿ ಹಾಕಿದ್ದೀರಾ? 14 ದಿನದೊಳಗಾದರೆ ರದ್ದು ಮಾಡಬಹುದು, ಇವತ್ತೇ ಬರೆಯಿರಿ. ಇಂಗ್ಲಿಷಿನಲ್ಲಿ ದೂರು ಬರೆಯಲು ಹಿಂಜರಿಕೆ ಇದ್ದರೆ ಇನ್‌ಬಾಕ್ಸ್‌ಗೆ ಬನ್ನಿ, ಜೊತೆ ಕೂತು ಬರೆಯೋಣ. ಸಾಲ ಎಷ್ಟು, ಯಾಕಾಯಿತು ಅಂತ ನಾನು ಕೇಳುವುದಿಲ್ಲ.